ಸೀಲು ಹಿಡಿಯದ ಮದುವೆ ಸರ್ಟಿಫಿಕೇಟು

ಬೆಳಿಗ್ಗೆ ಗಂಗೊಳ್ಳಿಯಲ್ಲಿ ದೋಣಿ ಹತ್ತಿ ನಾನೂ ಅತ್ತೆಯೂ ಕುಂದಾಪುರಕ್ಕೆ ಹೊರಟೆವು. ಎರಡು ಸಾವಿರದ ಇಸವಿಯ ಆಚೀಚಿನ ಒಂದು ಮೇ ತಿಂಗಳು. ಹೊಳೆ ದಾಟುವಷ್ಟರಲ್ಲೇ ರವಿಕೆ ಬೆನ್ನಿಗೆ ಅಂಟಿತ್ತು. ಗಂಡ ಕುವೈತಿನಲ್ಲಿದ್ದರು. ನಮ್ಮ ಮದುವೆಯ ಸರ್ಟಿಫಿಕೇಟಿಗೆ ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ, ಕೊನೆಗೆ ಕುವೈತಿನ ರಾಯಭಾರ ಕಚೇರಿಯಲ್ಲಿ ಸೀಲು ಬೀಳದೆ ನನಗೆ ವೀಸಾ ಇಲ್ಲ. ಮದುವೆಯಾದ ಮೇಲೆ ಅವರು ರಜೆಗೆ ಬಂದದ್ದು ಎರಡೇ ಸಲ. ಇನ್ನೂ ಕಾಯುವ ತಾಳ್ಮೆ ನನಗಿರಲಿಲ್ಲ.

ಈ ಸೀಲುಗಳನ್ನೆಲ್ಲ ಹಾಕಿಸಿಕೊಡುವ ಕುಂದಾಪುರದ ಏಜೆಂಟರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕೇಬಿಟ್ಟರು.

"ಲ್ಯಾಮಿನೇಶನ್ ಯಾರ್ ಮಾಡ್ಸದ್ದ್? ಸೀಲ್ ಇದ್ರ್ ಬೆನ್ನಿಗೇ ಹಾಕ್ಕ್. ಪ್ಲಾಸ್ಟಿಕ್ ಮೇಲೆ ಹಾಕುಕೆ ಆತ್ತಾ?"

"ನಾನೇ ಮಾಡ್ಸದ್ದ್," ಎಂದರು ಅತ್ತೆ. "ಉಪ್ಪುಗಾಳಿಗೆ ಹಾಳಾಪುದ್ ಬ್ಯಾಡ ಅಂದೇಳಿ."

ಮೀನು ವ್ಯಾಪಾರದ ನಮ್ಮ ಮನೆಯಲ್ಲಿ ರೇಶನ್ ಕಾರ್ಡಿನಿಂದ ಹಿಡಿದು ಮಾವನ ಫೋಟೋದವರೆಗೆ ಎಲ್ಲಕ್ಕೂ ಅತ್ತೆ ಪ್ಲಾಸ್ಟಿಕ್ ಹೊದಿಸಿದ್ದರು. ಸಿಟ್ಟು ನೆತ್ತಿಗೇರಿತು, ಅವರ ಮುಖ ನೋಡಿ ನುಂಗಿಕೊಂಡೆ. ಮದುವೆ ನೋಂದಣಿಯಾದದ್ದು ನನ್ನ ತವರು ಬ್ರಹ್ಮಾವರದಲ್ಲಿ. ಹೊಸ ಪ್ರತಿಯನ್ನು ಅಲ್ಲಿಂದಲೇ ತರಬೇಕಿತ್ತು.

ಬಸ್ಸು ಕೋಟ, ಸಾಲಿಗ್ರಾಮ ದಾಟುವಾಗ ತಲೆಯಲ್ಲಿ ಸೀಲುಗಳದೇ ಯೋಚನೆ. ಬ್ರಹ್ಮಾವರದ ಸಹಿ ನಿಜವೆಂದು ಬೆಂಗಳೂರಿನವರು ಹೇಳುತ್ತಾರೆ, ಬೆಂಗಳೂರಿನವರ ಸಹಿ ನಿಜವೆಂದು ದಿಲ್ಲಿಯವರು, ದಿಲ್ಲಿಯವರದು ನಿಜವೆಂದು ಕುವೈತಿನವರು. ನಮ್ಮ ಮದುವೆಯ ಊಟ ಉಂಡವರು ಇವರಲ್ಲಿ ಒಬ್ಬರೂ ಇಲ್ಲ! ನಾಲ್ಕು ಕಡೆಯ ಜನ ಒಬ್ಬರನ್ನೊಬ್ಬರು ನಂಬಿದರೆ ಮಾತ್ರ ನಾನು ಹೆಂಡತಿ ಎಂಬುದು ವಿಚಿತ್ರವೆನಿಸಿತು.

ಬ್ರಹ್ಮಾವರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಗುಮಾಸ್ತರು ಊಟ ಮಾಡಿ ಬನ್ನಿ ಎಂದರು. ಹತ್ತಿರದ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಸಾರು ಚೆನ್ನಾಗಿತ್ತು, ಅತ್ತೆ ಮಾತ್ರ ಅನ್ನ ಕಲಸುತ್ತಲೇ ಕುಳಿತರು. ಮಧ್ಯಾಹ್ನ ಕಳೆದ ಮೇಲೆ ಹೊಸ ಪ್ರತಿ ಕೈಗೆ ಬಂತು. ಸೀಲಿನ ಮಸಿ ಒಣಗಲೆಂದು ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ ನಿಂತರು.

"ಸಾಕ್ ಅಮ್ಮ, ಒಣ್ಗಿತ್," ಎಂದರು ಗುಮಾಸ್ತರು.

ವಾಪಸು ಕುಂದಾಪುರಕ್ಕೆ ಬಂದು ಅದನ್ನು ಏಜೆಂಟರಿಗೆ ಕೊಟ್ಟೆವು. ನಾಳೆಯೇ ಬೆಂಗಳೂರಿಗೆ ಕಳಿಸುವುದಾಗಿ ಹೇಳಿದರು. ನನಗೆ ಹಾರುವಷ್ಟು ಖುಷಿ. ದೋಣಿಯಲ್ಲಿ ಕುಳಿತ ಮೇಲೆ ಅತ್ತೆ ಕೇಳಿದರು:

"ಹೆಣೆ, ಅಲ್ಲಿಗೆ ಹೋಪುಕೆ ಇಷ್ಟೆಲ್ಲ ಸೀಲ್ ಬೇಕ್. ಊರಿಗ್ ಬಪ್ಪುಕೆ ಎಷ್ಟ್ ಬೇಕ್?"

"ಬಪ್ಪುಕೆ ಎಂತದೂ ಬ್ಯಾಡ, ಅತ್ತೆ."

ಅತ್ತೆ ನನ್ನ ಕಡೆ ತಿರುಗಿದರು.

"ಹಂಗಾರೆ ನನ್ ಮಗ ಎಂತಕ್ ಬತ್ತಿಲ್ಲ?"