ರೇಸ್ ಏರದ ಹಾಲಿನ ಗಾಡಿ

ಸೂಲಿಬೆಲೆಯಲ್ಲಿ ಡೀಸೆಲ್ ಗಾಡಿ ಕೆಟ್ಟರೆ ಜನ ಮೊದಲು ವಿಚಾರಿಸುವುದು ದೊಡ್ಡಮುನಿಯಪ್ಪ ಶೆಡ್ಡಿನಲ್ಲಿದ್ದಾರಾ ಎಂದು. ನಲವತ್ತು ವರ್ಷದಿಂದ ಅದೇ ಶೆಡ್ಡು, ಅದೇ ಮುಂಗೋಪ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ರೋಗ ಹೇಳುವ ಮನುಷ್ಯ. ಅಂಥವರ ತಲೆಯನ್ನು ಮೂರು ದಿನದಿಂದ ಕೆಡಿಸಿದ್ದು ಗೋಪಾಲಪ್ಪನ ಹಾಲಿನ ಗಾಡಿ.

ನಂದಗುಡಿ ಕಡೆಯ ಹಳ್ಳಿಗಳಿಂದ ಹಾಲು ತರುವ ಹಳೇ ಗಾಡಿ ಅದು. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಗುಡುಗುಡು ಎಂದು ಚೆನ್ನಾಗಿಯೇ ಓಡುತ್ತದೆ. ರೇಸ್ ಕೊಟ್ಟರೆ ಮಾತ್ರ ಒಂದು ನಿಮಿಷಕ್ಕೆ ಉಸಿರು ಕಟ್ಟಿದಂತೆ ಕುಗ್ಗುತ್ತದೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಇದ್ಯಾವ ಸೀಮೆ ಕಾಯಿಲೆಯೋ ಅವರಿಗೆ ತಿಳಿಯಲಿಲ್ಲ.

ಡೀಸೆಲ್ ಫಿಲ್ಟರ್ ಬದಲಾಯಿಸಿದರು, ಲೈನಿನಲ್ಲಿ ಸೇರಿದ್ದ ಗಾಳಿ ತೆಗೆದರು, ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ನೋಡಿದರು. ಸೈಲೆನ್ಸರ್ ಕಟ್ಟಿದೆಯೇನೋ ಎಂದು ಅದನ್ನೂ ಕಳಚಿದರು. ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತಿತ್ತು, ಅದೇ ಅವರನ್ನು ಹೆದರಿಸಿತು. ಅರವತ್ತಾರು ವಯಸ್ಸಾಯಿತು, ಕಿವಿಯೇ ಹೋಯಿತೇ ಎಂದು ಒಳಗೊಳಗೇ ಕುಸಿದರು.

"ಡೀಸೆಲ್ ಪಂಪೇ ಹೋಗಿದೆ ಅಂದ್ರೆ ಅಷ್ಟು ದುಡ್ಡು ಸುರಿಯೋಕಾಗಲ್ಲ, ಗುಜರಿಗೆ ಹಾಕ್ಬಿಡ್ತೀನಿ ಕಣಣ್ಣ. ನೀವು ಒಂದು ಮಾತು ಹೇಳಿ ಸಾಕು," ಎಂದ ಗೋಪಾಲಪ್ಪ. ಮುನಿಯಪ್ಪ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡಾಗ ಮೆಲ್ಲಗೆ ಸೇರಿಸಿದ, "ಟ್ಯಾಂಕ್ ಒಂದು ಸಲ ನೋಡೋಣ್ವಾ?"

"ಹದಿನೈದು ದಿನದ ಹಿಂದೆ ಆ ಟ್ಯಾಂಕ್ ತೊಳ್ದಿದ್ದು ಯಾರು? ನಾನು. ನೀನು ನಿನ್ನ ಹಾಲು ನೋಡ್ಕೋ."

ಬೈದದ್ದೇನೋ ಬೈದರು. ಆದರೆ ಪಂಪು ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಗಾಡಿ ಗುಜರಿ ಪಾಲು. ಕೊನೆಗೆ ಬೇರೆ ದಾರಿ ಕಾಣದೆ, ಟ್ಯಾಂಕಿನ ಪೈಪು ಕಳಚಿ, ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಮೇಲೆ ತೂಗುಹಾಕಿ, ಅದರಿಂದಲೇ ಇಂಜಿನ್ನಿಗೆ ಪೈಪು ಕೊಟ್ಟರು. ಗೋಪಾಲಪ್ಪ ರೇಸ್ ಕೊಟ್ಟ. ಇಂಜಿನ್ ಶೆಡ್ಡಿನ ತಗಡು ಅದುರುವಂತೆ ಏರಿತು. ಹತ್ತು ನಿಮಿಷವಾದರೂ ಕುಗ್ಗಲಿಲ್ಲ.

ಅಂದರೆ ಪಂಪು ಗಟ್ಟಿ, ಕೆಟ್ಟದ್ದು ಟ್ಯಾಂಕಿನೊಳಗೆ. ತಾವೇ ತೊಳೆದ ಟ್ಯಾಂಕಿನೊಳಗೆ ಏನು ಬರಲು ಸಾಧ್ಯ? ಮುನಿಯಪ್ಪ ಡೀಸೆಲ್ ಖಾಲಿ ಮಾಡಿ, ತಂತಿಯ ಕೊಕ್ಕೆ ಬಿಟ್ಟು ತಡಕಾಡಿದರು. ಮೇಲೆ ಬಂದದ್ದು ಅವರದೇ ಹಳೇ ಪಂಚೆಯ ತುಂಡು.

ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಟ್ಯಾಂಕಿನ ಬಾಯಿಗೆ ಬಟ್ಟೆಯಿಟ್ಟು ಸೋಸುವುದು ಅವರ ಪದ್ಧತಿ. ಟ್ಯಾಂಕ್ ತೊಳೆದ ದಿನ ಅದು ಒಳಗೆ ಜಾರಿ, ಮೂಲೆಯಲ್ಲೆಲ್ಲೋ ಬಿದ್ದಿತ್ತು. ಈಗ ಮೂರು ದಿನದಿಂದ ರೇಸ್ ಕೊಟ್ಟಾಗ ಪೈಪಿನ ಬಾಯಿಗೆ ಅಂಟಿಕೊಂಡು, ಇಂಜಿನ್ ನಿಂತಾಗ ಬಿಟ್ಟುಕೊಂಡು ಆಟವಾಡಿಸಿತ್ತು.

"ಗಾಡಿ ಉಳೀತಲ್ಲಣ್ಣ, ಅಷ್ಟು ಸಾಕು," ಎಂದು ಗೋಪಾಲಪ್ಪ ನಕ್ಕ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು.

ಮುನಿಯಪ್ಪನವರಿಗೆ ನಗು ಬರಲಿಲ್ಲ. ಕಿವಿ ಸರಿಯಾಗಿಯೇ ಇದೆ ಎಂಬ ಸಮಾಧಾನವೂ ನಿಲ್ಲಲಿಲ್ಲ; ಕೆಟ್ಟದ್ದು ಕಿವಿಯಲ್ಲ, ನೆನಪೇನೋ ಅನಿಸಿತು. ಒದ್ದೆ ಬಟ್ಟೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ತೆಗ್ದು, ಹಿಂಡಿ, ಆ ಕಂಬಿ ಮೇಲೆ ಒಣಗಾಕ್ದೆ ಕಣಪ್ಪ," ಎಂದರು. "ಚೆನ್ನಾಗಿ ನೆನಪೈತೆ ನಂಗೆ."