ಡೆನ್ಮಾರ್ಕಿಗೆ ಹೋದ ಬ್ಲೌಸ್ ಪೀಸು

ನಮ್ಮ ಚೂಡಾಮಣಿ ಅತ್ತಿಗೆ ಒಂದು ಸಲವೂ ವಿಮಾನ ಹತ್ತಿದವರಲ್ಲ. ಆದರೆ ಮಲ್ಲೇಶ್ವರಂನ ಅವರ ಮನೆಯ ಬಚ್ಚಲಿನಲ್ಲಿ ಹನ್ನೊಂದು ದೇಶದವರು ಸ್ನಾನ ಮಾಡಿ ಹೋಗಿದ್ದಾರೆ. ನನ್ನಣ್ಣ ರಾಮಾನುಜ ಒಂದು ಸೇವಾ ಕ್ಲಬ್ಬಿನ ಮೆಂಬರಾಗಿದ್ದ. ಹೊರದೇಶದ ಹುಡುಗ ಹುಡುಗಿಯರಿಗೆ ನಮ್ಮ ಸಂಸ್ಕೃತಿ ತಿಳಿಯಲಿ ಎಂದು ಕ್ಲಬ್ಬಿನವರು ಅವರನ್ನು ಕರೆಸಿ ಮೆಂಬರುಗಳ ಮನೆಯಲ್ಲಿ ಇಳಿಸುತ್ತಿದ್ದರು. ಮೀಟಿಂಗಿನಲ್ಲಿ ಮೊದಲು ಕೈ ಎತ್ತುವವನು ಅಣ್ಣ, ಒಲೆ ಮುಂದೆ ನಿಲ್ಲುವವರು ಅತ್ತಿಗೆ. ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ನಮಗೆ ಖಾರದ ಹುಳಿ, ಅವರಿಗೆ ಸಪ್ಪೆ ಹುಳಿ ಮಾಡುತ್ತಿದ್ದರು. ವಿಶ್ವಶಾಂತಿಯ ಭಾಷಣ ಕ್ಲಬ್ಬಿನ ವೇದಿಕೆಯಲ್ಲಿ, ಅದರ ಪಾತ್ರೆ ತೊಳೆಯುವ ಕೆಲಸ ಇಲ್ಲಿ.

ಅಣ್ಣ ಹೋಗಿ ಆರು ವರ್ಷವಾಯಿತು. ಕ್ಲಬ್ಬಿನವರು ಮಾತ್ರ ಬಿಟ್ಟಿಲ್ಲ. ನಿಮ್ಮ ಮನೆಯಂಥ ಮನೆ ಇನ್ನೊಂದಿಲ್ಲ ಎಂದು ಅಧ್ಯಕ್ಷ ಮನೋಹರ್ ಫೋನು ಮಾಡುತ್ತಾರೆ. ಅಂದರೆ ಬೇರೆ ಯಾರೂ ಒಪ್ಪುತ್ತಿಲ್ಲ ಎಂದರ್ಥ. ಅತ್ತಿಗೆಗೆ ಈಗ ಅರವತ್ತೊಂಬತ್ತು, ಎರಡೂ ಮಂಡಿ ನೋವು. ರಂಗೋಲಿ ಯಾಕೆ, ಕುಂಕುಮ ಯಾಕೆ, ಕೈಯಲ್ಲಿ ಊಟ ಯಾಕೆ ಎಂಬ ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಈ ಜನವರಿಯಲ್ಲಿ ಡೆನ್ಮಾರ್ಕಿನಿಂದ ಲೀನಾ ಎನ್ನುವ ಹುಡುಗಿ ಹತ್ತು ದಿನಕ್ಕೆ ಬರುತ್ತಾಳೆ ಎಂದರು. ಅವಳ ತಾಯಿ ಕಾರಿನ್ ಇಪ್ಪತ್ನಾಲ್ಕು ವರ್ಷದ ಹಿಂದೆ ಇದೇ ಮನೆಯಲ್ಲಿ ಒಂದು ತಿಂಗಳು ಇದ್ದವಳು. ಮಗಳಿಗೂ ಇದೇ ಮನೆ ಬೇಕೆಂದು ಕೇಳಿದ್ದಳಂತೆ. ಅತ್ತಿಗೆಗೆ ಅವಳ ಮುಖ ಕೂಡ ನೆನಪಾಗಲಿಲ್ಲ. ಒಪ್ಪಿಕೊಂಡರು, ಆದರೆ ಇದೇ ಕೊನೆ, ಇನ್ನು ಯಾರನ್ನೂ ಕಳಿಸಬೇಡಿ ಎಂದು ಕಾಗದ ಬರೆದು ಫ್ರಿಜ್ಜಿನ ಮೇಲಿಟ್ಟರು. ಕವರು ಅಂಟಿಸಿದವಳು ನಾನೇ. ಹುಡುಗಿ ಹೊರಡುವ ದಿನ ಅದನ್ನು ಮನೋಹರ್ ಕೈಗೆ ಕೊಡುವುದೆಂದು ಮಾತಾಯಿತು.

ಹೊರಡುವ ಹಿಂದಿನ ಸಂಜೆ, ತಾಂಬೂಲಕ್ಕೆಂದು ಬೀರುವಿನಿಂದ ಬ್ಲೌಸ್ ಪೀಸುಗಳ ಗಂಟು ಇಳಿಸಿದೆವು. ಅರಿಶಿನ ಕುಂಕುಮಕ್ಕೆ ಹೋದಾಗ ಬಂದ ಬ್ಲೌಸ್ ಪೀಸನ್ನು ನಮ್ಮಲ್ಲಿ ಹೊಲಿಸುವವರು ಕಡಿಮೆ. ಇವರು ಕೊಟ್ಟದ್ದನ್ನು ಅವರಿಗೆ, ಅವರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತೇವೆ. ಕೊಟ್ಟವರಿಗೇ ತಿರುಗಿ ಹೋದರೆ ಮಾತ್ರ ಮಾನ ಹೋಯಿತು. ಅದಕ್ಕೇ ಅತ್ತಿಗೆ ಬಟ್ಟೆಯ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಗುರುತು ಬರೆದಿಡುತ್ತಾರೆ. ಕೊಡುವಾಗ ಆ ಅಂಚನ್ನು ಕತ್ತರಿಸಿಬಿಡುತ್ತಾರೆ.

ಆಗ ಲೀನಾ ಫೋನು ಹಿಡಿದು ಬಂದಳು. ಪರದೆಯ ಮೇಲೆ ಅವಳ ತಾಯಿ. ಕಾರಿನ್ ಅಲ್ಲಿಂದ ತನ್ನ ಫೋನನ್ನು ಅವಳ ಅಡುಗೆಮನೆಯ ಗೋಡೆಯತ್ತ ತಿರುಗಿಸಿದಳು. ಅಲ್ಲಿ ಫ್ರೇಮಿನೊಳಗೆ, ಅಂದು ಅವಳು ಹೊರಡುವಾಗ ಅತ್ತಿಗೆ ಕೊಟ್ಟಿದ್ದ ಹಸಿರು ಬ್ಲೌಸ್ ಪೀಸು, ಅಂಚಿನಲ್ಲಿ ಕೆಂಪು ದಾರದ ಕಸೂತಿಯಲ್ಲಿ ಕನ್ನಡದ ಅಕ್ಷರ. ಗಂಡ ಬಿಟ್ಟುಹೋದ ವರ್ಷ, ಅಳು ಬಂದಾಗಲೆಲ್ಲ ಕೂತು ಆ ಪೆನ್ನಿನ ಬರಹದ ಮೇಲೆ ದಾರ ಎಳೆದಳಂತೆ. ಅತ್ತಿಗೆ ತನಗೆ ಬರೆದ ಆಶೀರ್ವಾದ ಎಂದೇ ತಿಳಿದಿದ್ದಳು. ಅರ್ಥವನ್ನು ಇವರ ಬಾಯಿಂದಲೇ ಕೇಳಬೇಕೆಂದು ಇಷ್ಟು ವರ್ಷ ಬೇರೆ ಯಾರಿಂದಲೂ ಓದಿಸಿರಲಿಲ್ಲ.

ನಾನು ಕನ್ನಡಕ ಏರಿಸಿ ಓದಿದೆ. ‘ಸುಪ್ರಜಾ ಕೊಟ್ಟದ್ದು. ಅವಳಿಗೇ ಕೊಡಬಾರದು.’

ಸುಪ್ರಜಾ ಅಂದರೆ ನಾನು. ನನಗೆ ಮೈ ಉರಿಯಿತು. ನಾನೂ ಯಾರದೋ ಮನೆಯಿಂದ ಬಂದದ್ದನ್ನೇ ಕೊಟ್ಟಿದ್ದೆ, ಅದು ಬೇರೆ ಮಾತು. ಪರದೇಶದವಳಿಗೆ ಓದಲು ಬರುತ್ತದೆಯೇ ಎಂದು ಅತ್ತಿಗೆ ಅಂದು ಅಂಚು ಕತ್ತರಿಸುವ ಗೋಜಿಗೂ ಹೋಗಿರಲಿಲ್ಲ.

ಅತ್ತಿಗೆಯ ಮುಖ ಸಣ್ಣದಾಯಿತು. ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತು ವರ್ಷ ಕ್ಲಾಸಿನ ಹೊರಗೆ ನಿಲ್ಲಿಸಿದ ಟೀಚರು, ಕುರ್ಚಿ ಹಿಡಿದು ಕೂತರು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. “ಇದು ನಿನ್ನ ಮನೆ, ಮತ್ತೆ ಬಾ ಅಂತ ಬರೆದಿದ್ದೀನಿ.”

ಕಾರಿನ್ ತುಂಬ ಹೊತ್ತು ಅತ್ತಳು. ಮೂಗು ಒರೆಸಿಕೊಂಡು, ಹಾಗಾದರೆ ಜುಲೈಯಲ್ಲಿ ಬರುತ್ತೇನೆ, ಒಂದು ತಿಂಗಳು ಇರುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಅತ್ತಿಗೆ ಆ ಗಂಟನ್ನು ಮುಟ್ಟಲಿಲ್ಲ. ದಾರಿಯಲ್ಲಿ ಎರಡು ಕಡೆ ಜಗಲಿ ಮೇಲೆ ಕೂತು ಸುಧಾರಿಸಿಕೊಂಡು ಸಂಪಿಗೆ ರಸ್ತೆಗೆ ನಡೆದರು. ಅಂಗಡಿಯಲ್ಲಿ ನಾಲ್ಕು ಥಾನು ಬಿಚ್ಚಿಸಿ ನೋಡಿ ಹೊಸ ಬ್ಲೌಸ್ ಪೀಸು ತಂದು ಲೀನಾಗೆ ಮಡಿಲು ತುಂಬಿದರು. ಮಧ್ಯಾಹ್ನ ಮನೋಹರ್ ಕಾರು ತಂದು ಹುಡುಗಿಯನ್ನು ಕರೆದುಕೊಂಡು ಹೋದರು. ನಾನು ಫ್ರಿಜ್ಜಿನ ಕಡೆ ನೋಡುತ್ತಲೇ ಇದ್ದೆ, ಅತ್ತಿಗೆ ಕವರು ತೆಗೆಯಲಿಲ್ಲ.

“ಕಾಗದ ಯಾಕೆ ಕೊಡ್ಲಿಲ್ಲ? ಮಂಡಿ ನೋವು ಹೋಯ್ತಾ?” ಅಂದೆ.

“ಎಲ್ಲಿ ಹೋಗತ್ತೆ. ಸುಸ್ತಾಗಿದೆ ಸುಪ್ರಜಾ, ತುಂಬಾ ಸುಸ್ತಾಗಿದೆ. ಆದ್ರೆ ಬಾ ಅಂದಾಯ್ತಲ್ಲ.” ಕಾಲು ನೀಡಿಕೊಂಡು ಕಣ್ಣು ಮುಚ್ಚಿದರು. “ನನ್ನೊಬ್ಬಳ ಕೈಲಿ ಆಗಲ್ಲ. ಜುಲೈಯಲ್ಲಿ ನೀನೂ ಇಲ್ಲೇ ಬಂದಿರು.”

ನನ್ನ ಮಂಡಿಯೇನು ಕಬ್ಬಿಣದ್ದೇ? ಬಾಯಿ ತುದಿಗೆ ಬಂದಿತ್ತು. ಆದರೆ ಡೆನ್ಮಾರ್ಕಿನ ಆ ಅಡುಗೆಮನೆಯ ಗೋಡೆಯ ಮೇಲೆ ಕೆಂಪು ದಾರದಲ್ಲಿ ಇರುವುದು ನನ್ನ ಹೆಸರು. ಆಗಲಿ ಅತ್ತಿಗೆ, ಬರ್ತೀನಿ ಅಂದೆ.