ನಾನು ಹೇಳಿಕೊಟ್ಟ ಅರ್ಥ

ಹೋದ ತಿಂಗಳು ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ಪಕ್ಕದ ತಳ್ಳುಗಾಡಿಯಲ್ಲಿ ಒಬ್ಬ ಹೆಂಗಸು ರಾಗಿ ಅಂಬಲಿ ಮಾರುತ್ತಿದ್ದರು. ಅವರು ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಹಿಂದಿನ ದಿನ ಕಾಯಿಸಿಟ್ಟು ಹುಳಿಯೇರಿದ ಅಂಬಲಿಯ ವಾಸನೆ ಮೂಗಿಗೆ ಬಂತು. ಲೋಟ ಇಸಿದುಕೊಂಡವನು ಕುಡಿಯದೆ ಹಾಗೇ ನಿಂತೆ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಈ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡವನೊಬ್ಬನಿದ್ದ. ಅವನನ್ನು ನೆನೆಸಿಕೊಂಡು ಎಷ್ಟು ಕಾಲವಾಗಿತ್ತೋ... ನೆನೆಸಿಕೊಳ್ಳಬಾರದೆಂದೇ ಇದ್ದೆನೇನೋ.

ಹತ್ತು ವರ್ಷದ ಹಿಂದಿನ ಮಾತು. ಹಾಸನದಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಗೆ ಅವನು ಬಾಡಿಗೆಗೆ ಬಂದ. ದೇಶ ಉಗಾಂಡ. ಫಾರ್ಮಸಿ ಓದಲು ಬಂದಿದ್ದ. ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ, ಅವನು ನನಗಿಂತ ಎರಡು ವರ್ಷ ದೊಡ್ಡವನು. ಅವನ ಹೆಸರು ಅಮ್ಮನ ನಾಲಿಗೆಗೆ ಒಗ್ಗಲಿಲ್ಲ. ‘ಮಹಡಿ ಮಗ’ ಎಂದು ಕರೆಯತೊಡಗಿದಳು. ಮನೆಯಲ್ಲಿ ಅದೇ ರೂಢಿಯಾಯಿತು.

ಅವನು ಮನೆ ಬಿಟ್ಟು ಅಷ್ಟು ದೂರ ಬಂದದ್ದು ಅದೇ ಮೊದಲು. ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು, ಆ ದಿನ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿದ್ದ. ಈ ಊರಲ್ಲಿ ಯಾರು ಸಿಕ್ಕಿದರೂ ‘ಊಟ ಆಯ್ತಾ’ ಅನ್ನುತ್ತಾರೆ. ‘ಇಲ್ಲ’ ಎಂದು ನಿಜ ಹೇಳಿ, ಊಟಕ್ಕೆ ಕರೆಯುತ್ತಾರೇನೋ ಎಂದು ಮೊದಲ ವಾರವೆಲ್ಲ ಕಾದು ನಿಂತಿದ್ದನಂತೆ. ಆಟೋದವರು ‘ಬರ್ತೀನಿ’ ಎಂದು ತಲೆ ಅಲ್ಲಾಡಿಸಿದ್ದನ್ನು ‘ಇಲ್ಲ’ ಅಂದುಕೊಂಡು, ಮೂರು ಆಟೋ ಬಿಟ್ಟು ಕಾಲೇಜಿಗೆ ನಡೆದೇ ಹೋಗಿದ್ದನಂತೆ. ಬಾಗಿಲ ಮುಂದಿನ ರಂಗೋಲಿ ತುಳಿಯಬಾರದೆಂದು ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಹಾವಿನ ಹಾಗೆ ಅಂಕುಡೊಂಕಾಗಿ ನಡೆಯುತ್ತಿದ್ದ.

ಒಂದು ದಿನ ಮೂರು ದಾರಿ ಕೂಡುವಲ್ಲಿ ಬಿದ್ದಿದ್ದ ಒಳ್ಳೆಯ ನಿಂಬೆಹಣ್ಣೊಂದನ್ನು ಎತ್ತಿಕೊಂಡು ಬಂದು ಪಾನಕ ಮಾಡಿ ಕುಡಿದುಬಿಟ್ಟಿದ್ದ. ಅಮ್ಮ ಎದೆ ಹಿಡಿದುಕೊಂಡಳು. “ಅಯ್ಯೋ ಮಗ, ಅದು ದೃಷ್ಟಿ ತೆಗ್ದು ಆಕಿರೋ ನಿಂಬೆಹಣ್ಣು ಕಣಪ್ಪಾ. ಯಾರ್ದೋ ಏನೋ” ಎಂದು ಅವನನ್ನು ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅವನು ಅಲುಗಾಡದೆ ಕೂತಿದ್ದ. ತನ್ನಮ್ಮನೂ ಹೀಗೆಯೇ ಏನೋ ಮಾಡುತ್ತಾಳೆ ಎಂದ. ಅಂಬಲಿಯ ವಾಸನೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಾಗಲೂ ಅದನ್ನೇ ಹೇಳಿದ್ದ. ಅವರಲ್ಲೂ ರಾಗಿ ಬೆಳೆಯುತ್ತಾರೆ, ಮುದ್ದೆಯಂಥದನ್ನೇ ಮಾಡುತ್ತಾರೆ. ಅವತ್ತಿನಿಂದ ಅವನು ಅಮ್ಮನಿಗೆ ನನಗಿಂತ ಹೆಚ್ಚಾದ.

ತಿಂಗಳು ಕಳೆದಿರಬೇಕು. ಇಬ್ಬರೂ ಮಾರ್ಕೆಟ್ಟಿನಿಂದ ನಡೆದು ಬರುತ್ತಿದ್ದೆವು. ಈ ಊರಿನ ಜನ ಎಷ್ಟು ಒಳ್ಳೆಯವರು ಎಂದು ಅವನು ಹೇಳುತ್ತಿದ್ದ. ಆಗಲೇ ಹಿಂದಿನಿಂದ ಬಂದ ಬೈಕೊಂದು ನಿಧಾನವಾಯಿತು. ಅದರ ಮೇಲಿದ್ದ ಇಬ್ಬರು, “ಲೇ ಕರಿಯಾ, ಎಲ್ಲಿಗ್ಲಾ ಓಯ್ತಿದ್ದೀಯ?” ಎಂದು ಕೂಗಿ, ನಗುತ್ತ ಮುಂದೆ ಹೋದರು. ಅವನೂ ನಕ್ಕು ಕೈ ಎತ್ತಿದ. ಆಮೇಲೆ ಕೇಳಿದ: ಈ ಮಾತು ದಿನಾ ಕಿವಿಗೆ ಬೀಳುತ್ತದೆ, ಕಾಲೇಜಿನಲ್ಲೂ ಅನ್ನುತ್ತಾರೆ, ‘ಕರಿಯ’ ಅಂದರೇನು?

ನಿಜ ಹೇಳಬಹುದಿತ್ತು. ಕರಿಯಪ್ಪ, ಕರಿಗೌಡ ಎಂದು ನಮ್ಮಲ್ಲಿ ಹೆಸರಿಟ್ಟುಕೊಳ್ಳುತ್ತಾರೆ, ಮುದ್ದಿಗೂ ಕರೆಯುತ್ತಾರೆ, ಆದರೆ ಆ ಹುಡುಗರು ಕೂಗಿದ್ದು ಮುದ್ದಿಗಲ್ಲ ಎನ್ನಬಹುದಿತ್ತು.

“ಗೆಳೆಯ ಅಂತ” ಎಂದುಬಿಟ್ಟೆ.

ಅವನು ರಸ್ತೆಯಲ್ಲೇ ನಿಂತ. ತಿಂಗಳಿಗೇ ಇಷ್ಟೊಂದು ಗೆಳೆಯರೇ, ನನ್ನ ಊರಲ್ಲೂ ನನಗೆ ಇಷ್ಟು ಜನ ಇಲ್ಲವಲ್ಲ ಎಂದು ಖುಷಿಪಟ್ಟ. ನಾನೂ ನಕ್ಕೆ. ಅವನ ಮನಸ್ಸು ನೋಯದಿರಲೆಂದು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು, ಅಷ್ಟೆ.

ಆಮೇಲೆ ಅವನು ಆ ಮಾತನ್ನು ಬಳಸತೊಡಗಿದ. ಹಾಲಿನವನಿಗೆ, ಆಟೋದವರಿಗೆ, ಟೀ ಅಂಗಡಿಯವನಿಗೆ ಎಲ್ಲರಿಗೂ ‘ನಮಸ್ಕಾರ ಕರಿಯ’. ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರು ಪರದೇಶದವನು, ಏನೋ ತೊದಲುತ್ತಾನೆ ಎಂದುಕೊಂಡರು. ಟೀ ಅಂಗಡಿಯವನು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಏನಪ್ಪಾ, ಆ ಉಡ್ಗ ಪಾಪ ಅರ್ಥ ತಿಳೀದೆ ಅಂತಾವ್ನೆ. ನೀನಾರ ಒಸಿ ಏಳ್ಬಾರ್ದಾ?” ಎಂದ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಇವತ್ತು ಬೇಡ, ನಾಳೆ... ದಿನ ಕಳೆದಷ್ಟೂ ಅದು ಕಷ್ಟವಾಗುತ್ತ ಹೋಯಿತು.

ಭಾನುವಾರ ಮಧ್ಯಾಹ್ನ ಅವನು ಮಹಡಿಯ ಮೇಲೆ ನಿಂತು ತನ್ನ ತಾಯಿಗೆ ಫೋನು ಮಾಡುತ್ತಿದ್ದ. ಒಮ್ಮೆ ಒಣಗಿದ ಬಟ್ಟೆ ತರಲು ಹೋದವನು, ಗೊತ್ತಿಲ್ಲದ ಆ ಭಾಷೆಯ ನಡುವೆ ಗೊತ್ತಿರುವ ಒಂದು ಮಾತು ಕೇಳಿದೆ. ಫೋನಿನ ಆ ಕಡೆಯಿಂದ ಒಂದು ಹೆಂಗಸಿನ ದನಿ ಅದನ್ನು ಎಳೆದು ಎಳೆದು ತಿದ್ದಿಕೊಳ್ಳುತ್ತಿತ್ತು: “ಕಾರಿಯಾ... ಕಾರಿಯಾ...” ಅವನು ನಗುತ್ತಿದ್ದ. ನಾನು ಅರ್ಧ ಒಣಗಿದ ಬಟ್ಟೆಗಳನ್ನೇ ಬಾಚಿಕೊಂಡು ಕೆಳಗಿಳಿದೆ.

ಮುಂದಿನ ಬೇಸಗೆಯಲ್ಲಿ ನನ್ನ ಸೋದರಮಾವನ ಗೃಹಪ್ರವೇಶ. ಹಳೇಕೋಟೆ ಕಡೆ ಬೇಸಾಯ ಮಾಡಿಕೊಂಡಿದ್ದ ಅವರು ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿದ್ದರು. ಅಮ್ಮ ಅವನನ್ನು ಬಿಟ್ಟು ಹೊರಡಲು ಒಪ್ಪಲಿಲ್ಲ. ಅಪ್ಪನೇ ಅವನಿಗೆ ಪಂಚೆ ಉಡಿಸಿದರು. ಊಟದ ಪಂಕ್ತಿಯಲ್ಲಿ ಅವನು ನನ್ನ ಪಕ್ಕ ಕೂತಿದ್ದ. ಮಾವ ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತ ಬಂದರು. ನಮ್ಮ ನೆಂಟರಲ್ಲೆಲ್ಲ ಕಪ್ಪು ಅವರೇ. ಎಲ್ಲರೂ ಗೌರವ ಕೊಡುವ ಮನುಷ್ಯ. ಇವನು ಎದ್ದು ನಿಂತು ಎರಡೂ ಕೈ ಜೋಡಿಸಿ, ಅಮ್ಮನಿಂದ ಕಲಿತ ಕನ್ನಡದಲ್ಲಿ, “ನಮಸ್ಕಾರ ಕರಿಯ. ಮನೆ ಬಾಳ ಚೆನ್ನಾಗದೆ” ಎಂದ.

ಯಾರೋ ಕಿಸಕ್ಕೆಂದರು.

“ಏನಂದೆ?” ಎಂದರು ಮಾವ.

ಅವರಿಗೆ ಕೇಳಿಸಲಿಲ್ಲವೆಂದು ತಿಳಿದು ಅವನು ನಗುತ್ತಲೇ ಮತ್ತೆ ಹೇಳಿದ. “ಕರಿಯ. ಅಂದ್ರೆ ಗೆಳೆಯ ಅಲ್ವಾ?”

ಅಪ್ಪನ ಮುಖ ಕೆಂಪಾಗಿತ್ತು. “ಯಾರ್ಲಾ ನಿಂಗೆ ಇಂಗಂತ ಏಳ್ಕೊಟ್ಟೋರು?”

ಅವನು ನನ್ನ ಕಡೆ ತಿರುಗಿದ. ದೂರುವ ನೋಟವಲ್ಲ ಅದು. ಉಚ್ಚಾರ ತಪ್ಪಾಯಿತೇನೋ, ತಿದ್ದು ಎಂದು ಕೇಳುವ ನೋಟ. ನಾನು ಎಲೆ ನೋಡುತ್ತ, “ಕಾಲೇಜ್ ಹುಡುಗ್ರು ಯಾರೋ ತಮಾಷೆಗೆ ಹೇಳ್ಕೊಟ್ಟಿರ್ತಾರೆ ಬಿಡಪ್ಪಾ” ಎಂದೆ. ಅಷ್ಟು ಕನ್ನಡ ಅವನಿಗೆ ಆ ಹೊತ್ತಿಗೆ ಅರ್ಥವಾಗುತ್ತಿತ್ತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಅಪ್ಪನಿಗೆ, “ಊಂ, ಕಾಲೇಜ್ ಹುಡುಗ್ರು” ಎಂದ.

ಮಾವ ಬಕೆಟ್ಟು ಕೆಳಗಿಟ್ಟು ಅವನನ್ನು ಕೂರಿಸಿ, ತಾವೂ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತರು. ತಮ್ಮ ತೋಳನ್ನು ಅವನ ತೋಳಿನ ಪಕ್ಕ ಇಟ್ಟು ತೋರಿಸಿದರು. “ಕರಿಯ ಅಂದ್ರೆ ಇದು ಕಣಪ್ಪಾ, ಈ ಬಣ್ಣ. ಗೆಳೆಯ ಅಲ್ಲ. ಇಸ್ಕೂಲ್ನಾಗೆ ನನ್ನೂ ಅಂಗೇ ಕರೀತಿದ್ರು. ಒಸಿ ದಿನ ಸುಮ್ಕಿದ್ದೆ. ಆಮ್ಯಾಕೆ ಒಬ್ಬನ್ಗೆ ಸರ್ಯಾಗಿ ಬಾರ್ಸ್ದೆ.” ಎಲ್ಲರೂ ನಕ್ಕರು. ಅವನೂ ನಕ್ಕ. ಮಾವ ಅವನ ಎಲೆಗೆ ಎರಡು ಸಲ ಪಾಯಸ ಬಡಿಸಿದರು. ಅವನು ತಲೆ ಬಗ್ಗಿಸಿ, ಎಲೆಯಲ್ಲಿ ಏನನ್ನೂ ಉಳಿಸದೆ ಉಂಡ.

ನಾನು ತಿಂಗಳುಗಟ್ಟಲೆ ಹೇಳಲಾರದೆ ಹೋದದ್ದನ್ನು ಮಾವ ಅಷ್ಟು ಸುಲಭವಾಗಿ ಹೇಳಿ ಮುಗಿಸಿದ್ದರು.

ಅಪ್ಪ ಅಮ್ಮ ಅಲ್ಲೇ ಉಳಿದರು. ನಾವಿಬ್ಬರೇ ಹಾಸನದ ಬಸ್ಸು ಹತ್ತಿದೆವು. ಅವನು ಕಿಟಕಿಯ ಪಕ್ಕ ಕೂತ. ಬಸ್ಸು ಊರು ದಾಟಿದ ಮೇಲೆ, ನನ್ನ ಜೊತೆ ಸದಾ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವನು ಕನ್ನಡದಲ್ಲಿ ಹೇಳಿದ: “ನಮ್ಮಮ್ಮ ಫೋನಲ್ಲಿ ನನ್ನ ಅಂಗೇ ಕರೀತಾಳೆ. ಈಗ ಅವ್ಳಿಗೆ ಏನ್ ಹೇಳ್ಲಿ?”

ತಪ್ಪಾಯಿತು ಎನ್ನಲು ಅಡ್ಡಿ ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ಜನ ಕಡಿಮೆ, ಪಕ್ಕದಲ್ಲೇ ಅವನು. ಹೇಳಲಿಲ್ಲ, ಅಷ್ಟೆ.

ಅವನು ಜಗಳವಾಡಲಿಲ್ಲ. ಅಮ್ಮ ಕರೆದರೆ ಬಂದು ಉಣ್ಣುತ್ತಿದ್ದ. ಮೆಟ್ಟಿಲ ಮೇಲೆ ಕೂತು ಕಂಡದ್ದು ಹೇಳುವುದು ಮಾತ್ರ ನಿಂತಿತು. ಮತ್ತೆಂದೂ ನನ್ನನ್ನು ಒಂದು ಮಾತಿನ ಅರ್ಥ ಕೇಳಲಿಲ್ಲ. ಮರುವರ್ಷ, ಕಾಲೇಜಿಗೆ ಹತ್ತಿರವಾಗುತ್ತದೆ ಎಂದು ಹಾಸ್ಟೆಲಿಗೆ ಹೋದ. ಅಮ್ಮ ಅತ್ತಳು. ಓದು ಮುಗಿಸಿ ಊರಿಗೆ ಹೊರಡುವ ಮುನ್ನ ಅಮ್ಮನಿಗೆ ಹೇಳಿ ಹೋಗಲು ಬಂದಿದ್ದ. ನಾನು ಒಳಗಿನ ಕೋಣೆಯಲ್ಲಿ ತಲೆನೋವೆಂದು ಮಲಗಿದ್ದೆ. ತಲೆನೋವು ಇರಲಿಲ್ಲ. ಅವನು ನನ್ನನ್ನು ಕೇಳಿದ್ದು, ಅಮ್ಮ ‘ಮಲಗವ್ನೆ’ ಎಂದದ್ದು, ಗೇಟು ಹಾಕಿಕೊಂಡದ್ದು ಎಲ್ಲ ಕೇಳಿಸುತ್ತಿತ್ತು...

ಈಗ ನಾನು ಅರಕಲಗೂಡಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಚನ್ನರಾಯಪಟ್ಟಣದಿಂದ ಬಂದ ಮುಂದಿನ ಭಾನುವಾರ ಹೊಳೆನರಸೀಪುರಕ್ಕೆ ಹೋಗಿ, ಜಗುಲಿಯ ಮೇಲೆ ಕೂತಿದ್ದ ಮಾವನಿಗೆ ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

“ಗೊತ್ತಿತ್ತು ಕಣ್ಲಾ. ಆವತ್ತು ಅವ್ನು ನಿನ್ ಮಕ ನೋಡುದ್ನಲ್ಲ, ಆಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಬಯ್ಯಲಿಲ್ಲ ಮಾವ?”

“ಅವ್ನೇ ನಿನ್ನ ಮರೆ ಮಾಡ್ದ. ಅವನ್ ಮಾತ್ನ ನಾನ್ಯಾಕ್ಲಾ ಸುಳ್ಳು ಮಾಡ್ಲಿ? ನೀನಾಗೇ ಏಳ್ತೀಯ ಅಂತಿದ್ದೆ. ಅತ್ತು ವರ್ಸ ತಕ್ಕಂಡೆ.”

ಅಪ್ಪನ ಬೀರುವಿನಲ್ಲಿ ಮಹಡಿ ಕೋಣೆಯ ಹಳೆಯ ಬಾಡಿಗೆ ಕರಾರುಪತ್ರ ಸಿಕ್ಕಿತು. ಅದರ ಹಿಂದೆ ಅವನ ಕೈಬರಹದಲ್ಲಿ ಊರಿನ ಫೋನ್ ನಂಬರು ಇತ್ತು. ಮೊನ್ನೆ ಧೈರ್ಯ ತಂದುಕೊಂಡು ಫೋನು ಮಾಡಿದೆ. ವಯಸ್ಸಾದ ಹೆಂಗಸೊಬ್ಬರು ಎತ್ತಿದರು. ಇಂಗ್ಲಿಷಿನಲ್ಲಿ ಅವನ ಹೆಸರು ಹೇಳಿದೆ, ನನ್ನ ಹೆಸರು ಹೇಳಿದೆ, ಹಾಸನ ಎಂದೆ. ಆಕೆ ತಮ್ಮ ಭಾಷೆಯಲ್ಲಿ ನಿಧಾನವಾಗಿ ಏನೋ ಕೇಳಿದರು. ಮತ್ತೊಮ್ಮೆ ಕೇಳಿದರು. ಅವನು ಇದ್ದಾನೆ ಎಂದರೋ, ಇಲ್ಲ ಎಂದರೋ, ನೀನು ಯಾರು ಎಂದರೋ ತಿಳಿಯಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಅವನು ನಮ್ಮ ಮಹಡಿಯಲ್ಲಿದ್ದ. ನಮ್ಮ ಮಾತುಗಳನ್ನೆಲ್ಲ ಕೇಳಿ ಕೇಳಿ ಕಲಿತ. ಅವನ ಭಾಷೆಯ ಒಂದು ಮಾತನ್ನೂ ನಾನು ಕೇಳಿ ಕಲಿತಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಕಾದು ಫೋನಿಟ್ಟರು.